ಕಾಲ್ಗುಣಕ್ಕೆ ಇಟ್ಟ ಪರೀಕ್ಷೆ

ನಾನು ಹುಟ್ಟಿ ಬೆಳೆದದ್ದು ರಾಯದುರ್ಗದಲ್ಲಿ. ಮದುವೆಯಾಗಿ ಹೋದದ್ದು ಮಡಕಶಿರದಿಂದ ಅಗಳಿಗೆ ಹೋಗುವ ದಾರಿಯ ಒಂದು ಹಳ್ಳಿಗೆ. ಎರಡೂ ಮದರಾಸು ಸರ್ಕಾರದ ಊರುಗಳೇ. ಆದರೆ ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಮಡಕಶಿರ ಅನಂತಪುರ ಜಿಲ್ಲೆಗೆ. ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ ಅದು. ರೈಲಿನಲ್ಲಿ ಬಳ್ಳಾರಿ, ಗುಂತಕಲ್ಲು ಸುತ್ತಿ ಹಿಂದೂಪುರದಲ್ಲಿ ಇಳಿದು, ಇದ್ದಿಲಿನಲ್ಲಿ ಓಡುವ ಬಸ್ಸು ಹತ್ತಿ, ಕೊನೆಗೆ ಎತ್ತಿನ ಗಾಡಿಯಲ್ಲಿ ಮನೆ ಮುಟ್ಟುವ ಹೊತ್ತಿಗೆ ನನ್ನ ಹೊಸ ಸೀರೆಯೆಲ್ಲ ಮಸಿಯಾಗಿತ್ತು. ನಾನು ಬಾಯಿಬಿಟ್ಟರೆ ಆ ಮನೆಯವರಿಗೆ ನಗು. ನಾನು "ಯಾಕ್ರಿ" ಅಂದರೆ ನನ್ನ ನಾದಿನಿ, "ಅತ್ತಿಗೆ ಕಚೇರಿಯೋರ ಹಂಗೆ ಮಾತಾಡ್ತಾರೆ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಮನೆಯಲ್ಲಿ ಇದ್ದವರು ನಾಲ್ವರು. ನನ್ನ ಗಂಡ, ಇನ್ನೂ ಮದುವೆಯಾಗದ ಅವರ ತಂಗಿ, ಮಾವ, ಮತ್ತೆ ಮಾವನ ಅಕ್ಕ. ನನ್ನ ಅತ್ತೆ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಕ್ಕಳಿಬ್ಬರನ್ನೂ ಸಾಕಿದವರು ಮಾವನ ಅಕ್ಕನೇ. ಅವರು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಎಲ್ಲರೂ ದೊಡ್ಡತ್ತೆ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ.

ನನ್ನವರು ಮಡಕಶಿರದ ಶಾಲೆಯಲ್ಲಿ ಮೇಷ್ಟ್ರು. ಮದರಾಸಿನಲ್ಲಿ ಮೇಷ್ಟ್ರ ತರಬೇತಿ ಮುಗಿಸಿ ಬಂದಿದ್ದರು. ಅಲ್ಲಿ ಮನಃಶಾಸ್ತ್ರ ಎಂಬುದೊಂದನ್ನು ಕಲಿಸಿದ್ದರಂತೆ. ಮನುಷ್ಯನ ಮನಸ್ಸು ಹೇಗೆ ನೆನಪಿಡುತ್ತದೆ, ಹೇಗೆ ಮರೆಯುತ್ತದೆ, ಯಾವುದನ್ನು ನಂಬುತ್ತದೆ ಎಂಬುದನ್ನು ಊಹೆಯಿಂದ ಹೇಳದೆ ಪ್ರಯೋಗ ಮಾಡಿ ನೋಡುವ ವಿದ್ಯೆ. ಅದು ಅವರ ತಲೆಗೆ ಹತ್ತಿಬಿಟ್ಟಿತ್ತು. ಹೊಸದಾಗಿ ಮದುವೆಯಾದವರು ಸಂಜೆ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ. ನನ್ನವರು ನನ್ನನ್ನು ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ, ಅರ್ಥವೇ ಇಲ್ಲದ ಮಾತುಗಳನ್ನು ಸಾಲಾಗಿ ಹೇಳಿ, "ಈಗ ತಿರುಗಿ ಹೇಳು ನೋಡೋಣ" ಎನ್ನುತ್ತಿದ್ದರು.

"ಗುಡೆ, ಟಪಿ, ಮೊರು, ಝಲೆ..."

"ಗುಡೆ, ಟಪಿ, ಮೊರ..."

"ಮೊರ ಅಲ್ಲ ಕಣೆ, ಮೊರು. ಅದಕ್ಕೆ ಅರ್ಥ ಇಲ್ಲ. ನೀನು ಅರ್ಥ ಹುಡುಕಬಾರದು."

"ಹುಡುಕದಂಗ ಹೆಂಗಿರ್ಲಿ? ತಾನಾಗೇ ಬರ್ತೈತಲ್ರಿ."

ಅವರಿಗೆ ಆ ಮಾತು ಇಷ್ಟವಾಯಿತು. ಅರ್ಥವಿಲ್ಲದ ಕಡೆಯೂ ಅರ್ಥ ಹುಡುಕದೆ ಮನಸ್ಸು ಸುಮ್ಮನಿರುವುದಿಲ್ಲ ಎಂದು ಪುಸ್ತಕದಲ್ಲೂ ಬರೆದಿದ್ದಾರೆ ಎಂದರು. ಸ್ವಲ್ಪ ದಿನದಲ್ಲಿ ನಾನು ಒಂದೂ ತಪ್ಪದೆ ಹೇಳತೊಡಗಿದೆ. ಅವರಿಗೆ ಅನುಮಾನ ಬಂತು. ಯೋಚಿಸಿ ಯೋಚಿಸಿ ಕಾರಣ ಕಂಡುಹಿಡಿದರು. ನಾನು ಸರಿಯಾದ ಮಾತಿನ ಹತ್ತಿರ ಬರುತ್ತಿದ್ದ ಹಾಗೇ ಅವರ ಹುಬ್ಬು ಮೇಲೇಳುತ್ತಿತ್ತು. ನಾನು ಅದನ್ನು ನೋಡಿಕೊಂಡು ಹೇಳುತ್ತಿದ್ದೆ. ಅದು ನನಗೂ ತಿಳಿದಿರಲಿಲ್ಲ, ಅವರಿಗೂ ತಿಳಿದಿರಲಿಲ್ಲ.

"ಕೇಳೋನ ಮುಖ ನೋಡಿದ್ರೆ ಪರೀಕ್ಷೆ ಕೆಟ್ಟುಹೋಗುತ್ತೆ" ಎಂದು ಗೋಡೆಯ ಕಡೆ ತಿರುಗಿ ಕೂತರು.

"ಮಕ ತಿರುಗಿಸಬ್ಯಾಡ್ರಿ" ಅಂದೆ. "ಮಕ ಕಾಣಲಿಲ್ಲಂದ್ರ ನಂಗ ಒಂದೂ ಬರಂಗಿಲ್ಲ."

ಅವರು ಗೋಡೆಯ ಕಡೆಯೇ ನೋಡಿಕೊಂಡು ನಕ್ಕರು. ಬೆನ್ನು ಅಲುಗಿದ್ದರಿಂದ ನನಗೆ ಗೊತ್ತಾಯಿತು. ಆವತ್ತಿನ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಆ ಮನೆಯಲ್ಲಿ ಕಡಲೆಕಾಯಿ, ರಾಗಿಯ ಜೊತೆಗೆ ರೇಷ್ಮೆಯೂ ಇತ್ತು. ಬಾವಿಯ ಹತ್ತಿರ ಒಂದಿಷ್ಟು ಹಿಪ್ಪುನೇರಳೆ ತೋಟ. ಗಡಿಯಾಚೆ ಮೈಸೂರು ಸೀಮೆಯಿಂದ ಮೊಟ್ಟೆ ತಂದು, ಬಿದಿರ ತಟ್ಟೆಗಳಲ್ಲಿ ಹುಳು ಸಾಕಿ, ಗೂಡು ಕಟ್ಟಿಸಿ ಮಾರುತ್ತಿದ್ದರು. ಯುದ್ಧದಿಂದಾಗಿ ರೇಷ್ಮೆಗೆ ಎಂದೂ ಇಲ್ಲದ ಬೇಡಿಕೆ ಬಂದಿತ್ತು. ನಾನು ಮನೆ ತುಂಬಿದಾಗ ತಟ್ಟೆಗಳ ತುಂಬ ದೊಡ್ಡ ಹುಳು. ಸೊಪ್ಪು ಹಾಕಿದರೆ ಮಳೆ ಬಿದ್ದ ಹಾಗೆ ಸದ್ದು. ರಾಯದುರ್ಗದವಳಿಗೆ ಅದೆಲ್ಲ ಹೊಸದು. ನಾನು ಒಳಗೆ ಹೋಗಿ ತಟ್ಟೆಯ ಹತ್ತಿರ ನಿಂತು ಕಿವಿಗೊಟ್ಟು ಕೇಳುತ್ತಿದ್ದೆ.

ವಾರ ಕಳೆಯುವುದರೊಳಗೆ ಹುಳುಗಳಿಗೆ ಸಪ್ಪೆ ರೋಗ ತಗುಲಿತು. ಸೊಪ್ಪು ತಿನ್ನುವುದನ್ನು ಬಿಟ್ಟು ಮೆತ್ತಗಾದವು, ಕಪ್ಪಾದವು, ನಾತ ಹೊಡೆಯತೊಡಗಿತು. ಮಾವ ತಟ್ಟೆ ತಟ್ಟೆಯನ್ನೇ ಹೊತ್ತುಕೊಂಡು ಹೋಗಿ ಊರಾಚೆ ಗುಂಡಿಯಲ್ಲಿ ಹೂತು ಬಂದರು. ಆ ಬೆಳೆ ಪೂರ್ತಿ ಹೋಯಿತು.

ಮಾರನೇ ದಿನ ನಾನು ಅಡುಗೆಮನೆಯಲ್ಲಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದೆ. ಆಚೆ ಜಗುಲಿಯಲ್ಲಿ ದೊಡ್ಡತ್ತೆ ತಮ್ಮನಿಗೆ ಮೆಲ್ಲಗೆ ಹೇಳುತ್ತಿದ್ದರು.

"ಇಷ್ಟ್ ವರ್ಷ ಒಂದು ಬೆಳೆ ಹಿಂಗ್ ಹೋಗಿರ್ಲಿಲ್ಲ ಕಣಪ್ಪ. ಆ ಹುಡುಗಿ ಒಳ್ಳೇದೇ. ಆದ್ರೂ ಕಾಲ್ಗುಣ ಅನ್ನೋದೊಂದು ಐತಲ್ಲ."

ನನ್ನ ಕೈಯಲ್ಲಿದ್ದ ಜರಡಿ ನಿಂತಿತು. ದೊಡ್ಡತ್ತೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಜ್ವರ ಬಂದಿದೆ ಎಂದು ಹೇಳುವ ಹಾಗೆ, ಪಾಪ ಎಂಬ ದನಿಯಲ್ಲಿ ಹೇಳಿದ್ದರು. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

ಸಂಜೆ ನನ್ನವರಿಗೆ ನಾನು ಹೇಳಲಿಲ್ಲ. ನಾದಿನಿ ಹೇಳಿದಳು. ಊಟಕ್ಕೆ ಕೂತಾಗ ಅವರು ಎಲ್ಲರ ಮುಂದೆ, "ಕಾಲ್ಗುಣ ಇದೆಯೋ ಇಲ್ಲವೋ ಅಂತ ಮಾತಲ್ಲಿ ಯಾಕೆ ಜಗಳ? ಮುಂದಿನ ಬೆಳೆಗೆ ಪರೀಕ್ಷೆ ಮಾಡಿಬಿಡೋಣ. ಇವಳು ಸಾಕಿದ ಹುಳು ಒಂದು ಕಡೆ, ಇವಳು ಮುಟ್ಟದ ಹುಳು ಇನ್ನೊಂದು ಕಡೆ" ಎಂದರು. ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಉತ್ಸಾಹ ಅವರ ಮುಖದಲ್ಲಿತ್ತು. ನಾನು ಬಡಿಸುತ್ತಿದ್ದ ಸಾರಿನ ಪಾತ್ರೆ ಕೆಳಗಿಟ್ಟು ಹಿತ್ತಿಲಿಗೆ ಹೋದೆ.

ಸ್ವಲ್ಪ ಹೊತ್ತಿಗೆ ಅವರೂ ಬಂದರು.

"ನಿನ್ನ ಪರವಾಗಿಯೇ ತಾನೇ ನಾನು ಮಾತಾಡಿದ್ದು?"

"ನನ್ನ ಕೇಳಿದ್ರೇನ್ರಿ ನೀವು?" ಅಂದೆ. "ತಟ್ಯಾಗಿನ ಹುಳಾನೂ ನಾನೂ ಒಂದೇನು? ಪರೀಕ್ಷಾದಾಗ ನನ್ನ ಹುಳ ಸತ್ರ ಆಮ್ಯಾಲೆ ನಾನು ಈ ಮನ್ಯಾಗ ಹೆಂಗ ತಲಿ ಎತ್ಲಿ? ಅದನ್ನ ಯೋಚ್ನಿ ಮಾಡೀರಾ?"

ಅವರು ಕಲ್ಲಿನ ಮೇಲೆ ಕೂತರು. ಮದರಾಸಿನಲ್ಲಿ ಪಾಠ ಹೇಳಿದ ಮೇಷ್ಟ್ರು ಒಂದು ಮಾತು ಹೇಳಿದ್ದರಂತೆ. ಮನುಷ್ಯರ ಮೇಲೆ ಪ್ರಯೋಗ ಮಾಡುವವನು ಮೊದಲು ಆ ಮನುಷ್ಯರ ಒಪ್ಪಿಗೆ ಪಡೆಯಬೇಕು, ಅವರು ಬೇಡ ಅಂದ ಗಳಿಗೆಯಲ್ಲಿ ನಿಲ್ಲಿಸಬೇಕು ಅಂತ. "ಅದನ್ನ ಬರಕೊಂಡಿದ್ದೆ. ಓದಿ ಪಾಸೂ ಆದೆ. ಮನೆಗೆ ಬಂದು ಮರೆತೆ" ಎಂದರು. "ನಿನ್ನನ್ನ ಕೇಳಬೇಕಾಗಿತ್ತು. ಈಗ ಕೇಳ್ತಿದ್ದೀನಿ. ಬೇಡ ಅಂದ್ರೆ ಬೇಡ. ಆ ಮಾತನ್ನ ಯಾರೂ ಎತ್ತದ ಹಾಗೆ ನಾನು ನೋಡ್ಕೋತೀನಿ."

ಅವರು ಕೇಳಿದ ಮೇಲೆ ನನಗೆ ಯೋಚನೆ ಬೇರೆಯಾಯಿತು. ಮಾತು ಎತ್ತದಿದ್ದರೆ ಹೋಗುವುದಿಲ್ಲ, ಒಳಗೇ ಇರುತ್ತದೆ. ನಾಳೆ ಎಮ್ಮೆ ಹಾಲು ಬತ್ತಿದರೂ, ಬಾವಿ ನೀರು ಇಳಿದರೂ ಎಲ್ಲರೂ ನನ್ನ ಕಾಲಿನ ಕಡೆಯೇ ನೋಡುತ್ತಾರೆ.

"ಮಾಡೋಣ್ರಿ" ಅಂದೆ. "ಆದ್ರ ಹೆಂಗ ಮಾಡೋದು ಅಂತ ನನ್ನೂ ಕೂರಿಸ್ಕೊಂಡು ಯೋಚ್ನಿ ಮಾಡ್ಬೇಕು."

ಹಾಗೆ ನಾವಿಬ್ಬರೂ ಸೇರಿ ಮಾಡಿದ ಸಂಸಾರದ ಮೊದಲ ಕೆಲಸ ಅದು.

ಮೊದಲು ತೀರ್ಮಾನವಾಗಬೇಕಾದದ್ದು ಕಾಲ್ಗುಣ ಎಂದರೆ ನಿಜವಾಗಿ ಏನು ಎಂಬುದು. ಅಳೆಯಬೇಕಾದ ವಸ್ತು ಏನೆಂದು ಗೊತ್ತಿಲ್ಲದೆ ಅಳೆಯುವುದು ಹೇಗೆ? ನನ್ನವರು ದೊಡ್ಡತ್ತೆಯನ್ನೇ ಕೇಳಿದರು. ಅವರು ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು.

"ಅತ್ತೆ, ಕಾಲ್ಗುಣ ಹುಳಕ್ಕೆ ಹೆಂಗೆ ತಾಗುತ್ತೆ? ಅವಳು ಕೈಲಿ ಮುಟ್ಟಿದ್ರಾ, ನೆರಳು ಬಿದ್ರಾ, ಇಲ್ಲ ಮನೇಲಿದ್ರೆ ಸಾಕಾ?"

"ತಮಾಷೆ ಮಾಡ್ತೀಯೇನ್ಲಾ?"

"ಇಲ್ಲತ್ತೆ, ನಿಜವಾಗ್ಲೂ ಕೇಳ್ತಿದ್ದೀನಿ. ನಿನಗೆ ಗೊತ್ತಿರೋ ಹಂಗೆ ಹೇಳು."

ದೊಡ್ಡತ್ತೆ ಯೋಚಿಸಿದರು. "ಹುಳ ಇರೋ ಕೋಣೆ ಒಳಕ್ಕೆ ಕಾಲಿಟ್ರೆ ಸಾಕು. ಹೊಸ್ಲು ದಾಟಬೇಕು. ಆಚೆ ಇದ್ರೆ ಏನೂ ಆಗಲ್ಲ."

ಆಗ ನನ್ನವರು, "ನೀನೂ ನೋಡುವಿಯಂತೆ ಬಾ, ಎಲ್ಲಿ ತಟ್ಟೆ ಇಡೋಣ ಅಂತ" ಎಂದು ಎದ್ದರು. ದೊಡ್ಡತ್ತೆ ಏಳಲಿಲ್ಲ. "ನಾನು ಆ ಕೋಣೆಗೆ ಬರಲ್ಲ ಅನ್ನೋದು ನಿಂಗೊತ್ತಲ್ಲ" ಅಂದರು. ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಹುಳು ಸಾಕತೊಡಗಿದಾಗಿನಿಂದ ಅವರು ಒಮ್ಮೆಯೂ ಹುಳುವಿನ ಕೋಣೆಗೆ ಹೋಗಿರಲಿಲ್ಲ ಎಂದು ಆಮೇಲೆ ನಾದಿನಿ ಹೇಳಿದಳು. ವಿಧವೆಯರು ಹೋಗಬಾರದೆಂಬ ಕಟ್ಟಳೆ ಇರಬೇಕು ಅಂದುಕೊಂಡು ಸುಮ್ಮನಾದೆ.

ದೊಡ್ಡತ್ತೆಯ ಮಾತಿನ ಮೇಲೆಯೇ ನಮ್ಮ ಏರ್ಪಾಡು ನಿಂತಿತು. ಹೊಸ್ತಿಲು ದಾಟಿದರೆ ತಾಗುತ್ತದೆ ಎಂದ ಮೇಲೆ ಒಂದೇ ಕೋಣೆಯಲ್ಲಿ ಎರಡು ತಟ್ಟೆ ಇಟ್ಟರೆ ಆಗದು. ಎರಡು ಕೋಣೆ ಬೇಕು. ಮನೆಯ ಮೂಡಲಿಗೊಂದು, ಪಡುವಲಿಗೊಂದು ಕೋಣೆ ಇದ್ದವು. ಮೂಡಲ ಕೋಣೆಯಲ್ಲಿ ನಮ್ಮ ಪೆಟ್ಟಿಗೆ, ಹಾಸಿಗೆ ಇದ್ದವು. ಅವನ್ನು ತೆಗೆದು ನಡುಮನೆಯಲ್ಲಿಟ್ಟೆವು. ಒಂದು ಕೋಣೆಯ ಹುಳು ನನ್ನ ಪಾಲು, ಇನ್ನೊಂದು ನಾದಿನಿಯ ಪಾಲು. ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಹುಳು ಒಂದೇ ಮೊಟ್ಟೆಯವು, ಸೊಪ್ಪು ಒಂದೇ ಸಾಲಿನದು, ಮಾವನೇ ಕೊಯ್ದು ಎರಡು ಪಾಲು ಮಾಡುವುದು. ಸೊಪ್ಪು ಹಾಕುವ ಹೊತ್ತು ಇಬ್ಬರಿಗೂ ಒಂದೇ. ಯಾವ ಹುಳು ಯಾವ ಕೋಣೆಗೆ, ಯಾರಿಗೆ ಯಾವ ಕೋಣೆ ಎಂಬುದನ್ನು ನಾವು ಆರಿಸಬಾರದು ಎಂದು ನನ್ನವರು ಹೇಳಿದರು. ಆರಿಸುವವನ ಕೈ ತನಗೆ ಬೇಕಾದ ಕಡೆಗೇ ಹೋಗುತ್ತದಂತೆ. ಮಾವ ಹುಣಸೆಬೀಜವನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು, ಸರಿಯೋ ಬೆಸವೋ ಎಂದು ಎಣಿಸಿ ಹಂಚಿದರು. ನನಗೆ ಪಡುವಲ ಕೋಣೆ ಬಂತು.

ಗೂಡು ಬಿಡಿಸಿದ ಮೇಲೆ ಯಾವುದು ಚೆನ್ನಾಗಿದೆ ಎಂದು ದೊಡ್ಡತ್ತೆ ಹೇಳಬೇಕು. ಗೂಡನ್ನು ಬೆರಳಲ್ಲಿ ಒತ್ತಿ ಗಟ್ಟಿಯೋ ಜೊಳ್ಳೋ ಎಂದು ಹೇಳುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಇಲ್ಲಿ ನನ್ನವರಿಗೆ ಒಂದು ಯುಕ್ತಿ ಹೊಳೆಯಿತು. "ನಿನ್ನ ಬುಟ್ಟಿಯನ್ನ ತಂಗೀದು ಅಂತ, ತಂಗಿ ಬುಟ್ಟಿಯನ್ನ ನಿಂದು ಅಂತ ಅತ್ತೆಗೆ ಹೇಳೋಣ. ಆಗ ಅವಳು ಹುಳದ ಗುಣ ನೋಡ್ತಾಳೋ, ಹೆಸರಿನ ಗುಣ ನೋಡ್ತಾಳೋ ಗೊತ್ತಾಗುತ್ತೆ."

"ಬ್ಯಾಡ್ರಿ" ಅಂದೆ. "ವಯಸ್ಸಾದಾಕಿಗೆ ಸುಳ್ಳು ಹೇಳಿ ಗೆಲ್ಲಾದು ಬ್ಯಾಡ. ನಿಮ್ಮನ್ನ ಸಾಕಿದಾಕಿ ಅದಾಳ. ಯಾವುದು ಯಾರದು ಅಂತ ಹೇಳಂಗಿಲ್ಲ, ನೀವೇ ನೋಡಿ ಹೇಳ್ರಿ ಅಂದ್ರ ಸಾಕಲ್ಲ."

ಹಾಗೆಯೇ ಆಯಿತು. ದೊಡ್ಡತ್ತೆಗೆ ಇದನ್ನು ನೇರವಾಗಿ ಹೇಳಿದೆವು. "ಸರೇ, ಹಂಗೇ ಆಗ್ಲಿ" ಎಂದು ಒಪ್ಪಿದರು.

ಹುಳು ಸಾಕಿದ ಆ ದಿನಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಮೊದಲು ಇರುವೆಯಷ್ಟಿದ್ದವು, ಸೊಪ್ಪನ್ನು ದಾರದ ಹಾಗೆ ಕತ್ತರಿಸಿ ಹಾಕಬೇಕು. ಆಮೇಲೆ ತಲೆಯೆತ್ತಿ ಅಲುಗದೆ ಕೂರುತ್ತವೆ. ಅದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಆಗ ಮುಟ್ಟಬಾರದು. ಚರ್ಮ ಬಿಟ್ಟು ಎದ್ದ ಮೇಲೆ ಮತ್ತೆ ಹಸಿವು. ನನಗೆ ಗೆಲ್ಲಬೇಕೆಂಬ ಆಸೆ ಹೆಚ್ಚಾಗಿ, ಒಂದು ದಿನ ಹೊತ್ತಿಗೆ ಮುಂಚೆಯೇ ಹೋಗಿ ಒಂದು ಹಿಡಿ ಸೊಪ್ಪು ಜಾಸ್ತಿ ಹಾಕಲು ಹೊರಟೆ. ನನ್ನವರು ಬಾಗಿಲಲ್ಲಿ ಎದುರಾದರು.

"ಹಂಗೆ ಮಾಡಿ ಚೆನ್ನಾಗಿ ಬಂದ್ರೆ ಅದು ನಿನ್ನ ಕೈಗುಣ ಆಗುತ್ತೆ. ನಾವು ನೋಡ್ತಿರೋದು ಕಾಲಿನದು" ಎಂದರು.

ಸೊಪ್ಪನ್ನು ಬುಟ್ಟಿಗೆ ವಾಪಸು ಹಾಕಿದೆ. ಅತ್ತ ನಾದಿನಿ, ಅತ್ತಿಗೆಗೆ ಕೆಟ್ಟ ಹೆಸರು ಬರಬಾರದೆಂದು ತನ್ನ ಹುಳುಗಳಿಗೆ ಸೊಪ್ಪು ಕಡಿಮೆ ಹಾಕಲು ನೋಡುತ್ತಿದ್ದಳಂತೆ. ಅವಳಿಗೂ ಅಣ್ಣನಿಂದ ಬುದ್ಧಿವಾದ ಆಯಿತು. ಆಮೇಲೆ ನಾವಿಬ್ಬರೂ ಎರಡು ಬಾಗಿಲಲ್ಲಿ ನಿಂತು, ಒಬ್ಬರಿಗೊಬ್ಬರು ಕೂಗಿಕೊಂಡು, ಒಟ್ಟಿಗೇ ಸೊಪ್ಪು ಹಾಕುತ್ತಿದ್ದೆವು.

ಹುಳು ಬಲಿತು ಹಣ್ಣಾದಾಗ ಚಂದ್ರಿಕೆಗೆ ಬಿಟ್ಟೆವು, ಗೂಡು ಕಟ್ಟಿದವು. ಚಂದ್ರಿಕೆ ಎಂದರೆ ಗೂಡು ಕಟ್ಟಲು ಬಿಡುವ ಬಿದಿರ ಚಾಪೆ, ಅದರ ಮೇಲೆ ಸುರುಳಿ ಸುರುಳಿಯಾಗಿ ಬಿದಿರಪಟ್ಟಿಯ ಓಣಿಗಳಿರುತ್ತವೆ. ಎರಡು ಕೋಣೆಯ ಗೂಡನ್ನೂ ಒಂದೇ ಥರದ ಬುಟ್ಟಿಗಳಲ್ಲಿ ಜಗುಲಿಗೆ ತಂದೆವು. ದೊಡ್ಡತ್ತೆ ಒಂದೊಂದೇ ಬುಟ್ಟಿಗೆ ಕೈ ಹಾಕಿ ಒತ್ತಿ ನೋಡಿದರು. ಕೆಲವು ಬುಟ್ಟಿಗಳನ್ನು ಬಲಕ್ಕೆ ಸರಿಸಿದರು, ಕೆಲವನ್ನು ಎಡಕ್ಕೆ. "ಇವು ಗಟ್ಟಿ. ಇವು ಜೊಳ್ಳು, ಗೂಡೂ ಕಮ್ಮಿ" ಅಂದರು.

ಜೊಳ್ಳು ಅಂದವೆಲ್ಲ ನನ್ನ ಪಡುವಲ ಕೋಣೆಯವು.

ನಾದಿನಿ ಅಳತೊಡಗಿದಳು. ಅವಳ ಅಳು ನೋಡಿಯೇ ದೊಡ್ಡತ್ತೆಗೆ ಅರ್ಥವಾಯಿತು. ಅವರು ನನ್ನ ಮುಖ ನೋಡಿದರು. ಗೆದ್ದೆ ಎಂಬ ಭಾವ ಅಲ್ಲಿ ಒಂದು ಚೂರೂ ಇರಲಿಲ್ಲ. "ನಾನು ಯಾಕಾದ್ರೂ ಒಪ್ಕೊಂಡ್ನೋ" ಎಂದು ಎದ್ದು ಒಳಗೆ ಹೋದರು.

ನನ್ನವರ ಮುಖ ಬಿಳಿಚಿತ್ತು. "ಸಾಕು ಬಿಡು. ಇದನ್ನ ಇಲ್ಲಿಗೇ ನಿಲ್ಲಿಸೋಣ. ನಾನೇ ಶುರು ಮಾಡಬಾರದಿತ್ತು. ಕೋಣೆ ಸೆಕೆ ಇದೆ, ಅದಕ್ಕೇ ಹಿಂಗಾಗಿದೆ" ಎಂದರು.

ನನಗೂ ಅಳು ಬಂದಿತ್ತು. ಆದರೆ ಅವರು ಹೇಳಿದ್ದು ನನಗೆ ಒಪ್ಪಿಗೆಯಾಗಲಿಲ್ಲ.

"ಕೋಣಿದೋ ನಂದೋ ಅಂತ ನಿಮಗ ಹೆಂಗ ಗೊತ್ತಾತು? ಪಡುವಲ ಕ್ವಾಣ್ಯಾಗ ನಾನೂ ಇದ್ದೆ, ಸೆಕಿನೂ ಇತ್ತು. ಎರಡೂ ಕೂಡೇ ಬಂದ್ವು. ಹೆಂಗ ಬೇರೆ ಮಾಡ್ತೀರಿ?" ಅಂದೆ. "ಚಲೋ ಬಂದಿದ್ರ ನನ್ನ ಕಾಲು ಚಲೋ ಅಂತಿದ್ರಿ. ಕೆಟ್ಟು ಬಂದಿದ್ದಕ್ಕ ಕೋಣಿ ಅಂತೀರಿ. ಇಲ್ಲೇ ನಿಲ್ಲಿಸಿದ್ರ ಆ ಮಾತು ನನ್ನ ಮ್ಯಾಲ ಹಂಗಾ ಉಳೀತೈತಿ. ಅದಲು ಬದಲು ಮಾಡ್ರಿ. ನಾನು ಮೂಡಲಿಗೆ ಹೋಗ್ತೀನಿ, ಆಕಿ ಪಡುವಲಿಗೆ ಬರ್ಲಿ."

ಅವರು ನನ್ನನ್ನೇ ನೋಡಿದರು. "ನಿನಗೆ ಭಯ ಆಗಲ್ವಾ?"

"ಆಗ್ತೈತ್ರಿ."

ನಾನು ಬುಟ್ಟಿ ಎತ್ತುವಾಗ ಅವರೂ ಇನ್ನೊಂದು ಕಡೆ ಹಿಡಿದುಕೊಂಡರು. ಗಂಡಸರು ಹೆಂಡತಿಯ ಜೊತೆ ಎಲ್ಲರೆದುರು ಹಾಗೆ ಬುಟ್ಟಿ ಹಿಡಿಯುವುದು ಆ ಊರಲ್ಲಿ ರೂಢಿಯಿರಲಿಲ್ಲ.

ಮುಂದಿನ ಬೆಳೆಗೆ ಕೋಣೆ ಅದಲು ಬದಲಾಯಿತು. ಉಳಿದದ್ದೆಲ್ಲ ಮೊದಲಿನ ಹಾಗೇ. ನಾನು ಮೂಡಲ ಕೋಣೆಯ ಹೊಸ್ತಿಲು ದಾಟುವಾಗ ಪ್ರತಿ ಸಲವೂ ಎದೆ ಹೊಡೆದುಕೊಳ್ಳುತ್ತಿತ್ತು. ಹುಳು ನನ್ನ ಎದೆಬಡಿತ ಕೇಳದೆ ಸೊಪ್ಪು ತಿನ್ನುತ್ತಿದ್ದವು. ಮತ್ತೆ ಬುಟ್ಟಿಗಳು ಜಗುಲಿಗೆ ಬಂದವು. ದೊಡ್ಡತ್ತೆ ಈ ಸಲ ಕೂರಲು ಒಪ್ಪಲಿಲ್ಲ, ನಾನೇ ಕೈ ಹಿಡಿದು ಕೂರಿಸಿದೆ. ಬುಟ್ಟಿಗಳು ಬಲಕ್ಕೂ ಎಡಕ್ಕೂ ಸರಿದವು. ಜೊಳ್ಳೆಲ್ಲ ಮತ್ತೆ ಪಡುವಲ ಕೋಣೆಯದೇ. ಗಟ್ಟಿ ಗೂಡೆಲ್ಲ ನಾನು ಕಾಲಿಟ್ಟ ಮೂಡಲ ಕೋಣೆಯದು.

ನಾದಿನಿಗೆ ತನ್ನ ಗೂಡು ಜೊಳ್ಳಾದದ್ದಕ್ಕೆ ಎಷ್ಟು ಸಂತೋಷವಾಯಿತೆಂದರೆ, ಓಡಿ ಬಂದು ನನ್ನನ್ನು ಅಪ್ಪಿಕೊಂಡಳು.

ಮಾವ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದರು. ಈಗ ಬಾಯಿಬಿಟ್ಟರು. "ಮದುವೆಗೆ ಮುಂಚೆ ಹುಳ ಯಾವಾಗ್ಲೂ ಮೂಡಲ ಕೋಣೇಲೇ ಇದ್ವಲ್ಲ. ಗಂಡು ಹೆಣ್ಣು ಇರಕ್ಕೆ ಅಂತ ಆ ಕೋಣೆ ಬಿಟ್ಟುಕೊಟ್ಟು, ಹುಳಾನ ಪಡುವಲಕ್ಕೆ ಸಾಗಿಸಿದ್ದು ನಾನೇ. ಬೇಸಿಗೆ ಬಿಸಿಲು ಇಳಿಹೊತ್ತೆಲ್ಲ ಆ ಗೋಡೆ ಮೇಲೇ ಬೀಳುತ್ತೆ."

ನನ್ನವರು ತಲೆಯ ಮೇಲೆ ಕೈ ಹೊತ್ತರು. ಮೊದಲ ದಿನವೇ ಅಪ್ಪನನ್ನು ಕೇಳಿದ್ದರೆ ತಿಳಿಯುತ್ತಿತ್ತು. ಸೊಸೆ ಬಂದಳು, ಅದಕ್ಕೆ ಕೋಣೆ ಬದಲಾಯಿತು, ಕೋಣೆ ಬದಲಾದ್ದರಿಂದ ಹುಳು ಸತ್ತವು.

ದೊಡ್ಡತ್ತೆ ನಿಧಾನವಾಗಿ, "ಹಂಗಾದ್ರೆ ಇವಳು ಬಂದಿದ್ದಕ್ಕೇ ಸತ್ತಿದ್ದು ಅನ್ನಬೌದಲ್ಲೇನ್ಲಾ?" ಎಂದರು. ಆಮೇಲೆ ಅವರೇ ನಕ್ಕರು. ಆ ಮನೆಗೆ ಬಂದ ಮೇಲೆ ಅವರು ಬಾಯಿ ತೆರೆದು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ. ಮಾವನೂ ನಕ್ಕರು, ನಾನೂ ನಕ್ಕೆ.

ನಗು ನಿಂತ ಮೇಲೆ ದೊಡ್ಡತ್ತೆ ಒಂದು ಗೂಡನ್ನು ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದರು. ಮಾವ ತೋಟಕ್ಕೆ ಹೋದರು, ನಾದಿನಿ ಬುಟ್ಟಿ ಒಳಗೆ ಸಾಗಿಸಿದಳು. ಅವರ ಹತ್ತಿರ ನಾನೂ ನನ್ನವರೂ ಇಬ್ಬರೇ ಉಳಿದೆವು.

"ಒಂದು ಮಾತು ಕೇಳ್ಲೇನ್ಲಾ?" ಎಂದರು ನನ್ನವರಿಗೆ.

"ಕೇಳತ್ತೆ."

"ಇವಳದು ಸುಳ್ಳು ಅಂತಾಯ್ತು. ಹಂಗಾದ್ರೆ ನಂದೂ ಸುಳ್ಳೇನು?"

ದೊಡ್ಡತ್ತೆಯನ್ನು ಮಡಕಶಿರದ ಹತ್ತಿರದ ರತ್ನಗಿರಿಯ ಕಡೆ ಕೊಟ್ಟಿದ್ದರು. ಇನ್ನೂ ಹುಡುಗಿಯಾಗಿದ್ದಾಗ ಗಂಡನ ಮನೆ ಸೇರಿದರು. ಅದೇ ವರ್ಷ ಗಂಡ ಜ್ವರ ಬಂದು ತೀರಿಕೊಂಡರು. ಕಾಲಿಟ್ಟ ಗಳಿಗೆ ಸರಿಯಿಲ್ಲ ಎಂದು ಅತ್ತೆ ಮನೆಯವರು ಇವರನ್ನು ಗಾಡಿ ಹತ್ತಿಸಿ ಕಳಿಸಿಬಿಟ್ಟರು. ಆವತ್ತಿನಿಂದ ಇವರು ತಮ್ಮ ಕಾಲಿನ ಬಗ್ಗೆ ತಾವೇ ಹುಷಾರಾಗಿದ್ದರು. ಬಾಣಂತಿಯ ಕೋಣೆಗೆ ಹೋಗುತ್ತಿರಲಿಲ್ಲ. ಬಿತ್ತನೆಯ ದಿನ ಹೊಲಕ್ಕೆ ಹೋಗುತ್ತಿರಲಿಲ್ಲ. ಹುಳುವಿನ ಕೋಣೆಗಂತೂ ಇಲ್ಲವೇ ಇಲ್ಲ. ಯಾರೂ ಕಟ್ಟಳೆ ಹಾಕಿರಲಿಲ್ಲ. ತಮ್ಮನ ಮನೆಗೆ ಕೆಡುಕಾಗಬಾರದೆಂದು ಅವರೇ ಹಾಕಿಕೊಂಡಿದ್ದರು. ಇದನ್ನೆಲ್ಲ ಅವರು ನೆಲ ನೋಡಿಕೊಂಡು, ನಮಗೆ ಹೇಳುತ್ತಿದ್ದಾರೋ ತಮಗೇ ಹೇಳಿಕೊಳ್ಳುತ್ತಿದ್ದಾರೋ ಎಂಬಂತೆ ಹೇಳಿದರು.

ಸುಳ್ಳು ಕಣತ್ತೆ ಎಂದು ನನ್ನವರು ತಕ್ಷಣ ಹೇಳಿಬಿಡುತ್ತಾರೆ ಎಂದು ನಾನು ಕಾದೆ. ಅವರು ಹೇಳಲಿಲ್ಲ. ಎದ್ದು ಬಂದು ದೊಡ್ಡತ್ತೆಯ ಕಾಲ ಹತ್ತಿರ ನೆಲದ ಮೇಲೆ ಕೂತರು.

"ಅತ್ತೆ, ಆ ವರ್ಷ ಆ ಊರಲ್ಲಿ ಜ್ವರ ಬಂದು ಎಷ್ಟು ಜನ ಹೋದ್ರು?"

"ಲೆಕ್ಕ ಎಲ್ಲೈತಪ್ಪ. ಮನೆಮನೆಗೂ ಹೋದ್ರು. ಪಕ್ಕದ ಮನೇಲಿ ತಾಯಿ ಮಗ ಇಬ್ರೂ."

"ಆ ಮನೆಗಳಿಗೆಲ್ಲ ಆ ವರ್ಷ ಹೊಸ ಸೊಸೆ ಬಂದಿದ್ರಾ?"

ದೊಡ್ಡತ್ತೆಯ ಕಣ್ಣು ಎಲ್ಲೋ ಹೋಯಿತು. ಆ ಬೀದಿಯ ಮನೆಗಳನ್ನು ಒಂದೊಂದಾಗಿ ನೋಡಿ ಬರುತ್ತಿದ್ದಾರೆ ಅನಿಸಿತು.

"ಇಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಯಾವ ಮನೆಗೂ ಬಂದಿರ್ಲಿಲ್ಲ."

"ನಿಂದನ್ನ ನಾನು ಇವಳದರ ಹಂಗೆ ಪರೀಕ್ಷೆ ಮಾಡಿ ತೋರ್ಸಕ್ಕಾಗಲ್ಲ ಅತ್ತೆ. ಆಗಿಹೋಗಿದ್ದು ಅದು. ಆದ್ರೆ ನಿನ್ನ ಮೇಲೆ ಆ ಮಾತು ಹೊರ್ಸಿದೋರು ಪಕ್ಕದ ಮನೆ ಕಡೆ ಒಂದು ಸಲ ತಿರುಗಿ ನೋಡಿದ್ರೆ ಸಾಕಾಗಿತ್ತು. ಯಾರೂ ನೋಡ್ಲಿಲ್ಲ."

ದೊಡ್ಡತ್ತೆ ಅಳಲಿಲ್ಲ. ನನ್ನವರ ತಲೆಯ ಮೇಲೆ ಕೈಯಿಟ್ಟು, ಕೂದಲನ್ನು ಚಿಕ್ಕ ಮಗುವಿನದನ್ನು ಸವರುವ ಹಾಗೆ ಸವರುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ನಾನೂ ನೋಡ್ಲಿಲ್ಲ ಕಣಮ್ಮ. ನಿನ್ನ ಮೇಲೆ ಅದೇ ಮಾತು ಹೊರ್ಸಿದೆ" ಅಂದರು.

"ಹೋಗ್ಲಿ ಬಿಡ್ರಿ ದೊಡ್ಡತ್ತಿ" ಅಂದೆ. ಅವರ ಕಾಲು ಒತ್ತತೊಡಗಿದೆ. ಅಂಗಾಲು ಬಿರುಕುಬಿಟ್ಟು ಒರಟಾಗಿತ್ತು.

ಮುಂದಿನ ಬೆಳೆಗೆ ಮೊಟ್ಟೆ ಬಂದಾಗ ದೊಡ್ಡತ್ತೆ ತಾವಾಗಿಯೇ ಮಾವನನ್ನು ಕೇಳಿದರು. "ಮೂಡಲ ಕೋಣೆಗೆ ನಾನು ಹೋಗ್ಲಾ? ಆ ಕೋಣೇಲಿ ಕೆಟ್ಟರೆ ನನ್ನ ಕಾಲೇ ಕೆಟ್ಟದ್ದು ಅಂತ ಆಗೋಗ್ಲಿ. ನೋಡೇಬಿಡಾನ."

ಪಡುವಲ ಕೋಣೆ ಕೇಳಿದ್ದರೆ ಕೆಟ್ಟರೂ ನೆಪವಿತ್ತು. ಅವರು ನೆಪವಿಲ್ಲದ ಕೋಣೆಯನ್ನೇ ಕೇಳಿದರು. ಪುಸ್ತಕದಲ್ಲಿ ಇರಬೇಕಾದ ಧೈರ್ಯ ಅದು ಎಂದು ನನ್ನವರು ಆಮೇಲೆ ನನಗೆ ಹೇಳಿದರು. ಮನೆಯ ಆ ವರ್ಷದ ಆಸರೆಯೆಲ್ಲ ಆ ಬೆಳೆಯ ಮೇಲಿತ್ತು. ಮಾವ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಬಾ ಅಕ್ಕ. ಇಷ್ಟು ದಿನ ನೀನು ಆಚೆ ನಿಂತಿದ್ದೇ ನಂಗೆ ಸಂಕಟ ಆಗ್ತಿತ್ತು" ಅಂದರು.

ದೊಡ್ಡತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ಒಳಗೆ ಹೋದರು. ಹುಳು ದೊಡ್ಡದಾದ ಮೇಲೆ ಒಂದು ದಿನ ಅವುಗಳ ಸದ್ದು ಕೇಳಿ, "ಮಳೆ ಬಂದಂಗೆ ಕೇಳ್ತದಲ್ಲೇ" ಎಂದು ನನ್ನ ಕಡೆ ನೋಡಿದರು. ಅಷ್ಟು ವರ್ಷ ಅದೇ ಮನೆಯಲ್ಲಿದ್ದು ಅದನ್ನು ಅವರು ಹತ್ತಿರದಿಂದ ಕೇಳಿರಲಿಲ್ಲ.

ಆ ಬೆಳೆ ಚೆನ್ನಾಗಿಯೇ ಬಂತು, ಹಿಂದಿನ ಬೆಳೆಗಿಂತ ತುಸು ಕಡಿಮೆ. ನನ್ನವರು, ಸೊಪ್ಪು ಸ್ವಲ್ಪ ಬಲಿತಿತ್ತು, ಅದಕ್ಕೇ ಕಡಿಮೆ ಎಂದು ವಿವರಿಸಲು ಹೊರಟರು. ದೊಡ್ಡತ್ತೆ ಕೈಯೆತ್ತಿ ತಡೆದರು. "ಬಿಡ್ಲಾ, ಸಮಾಧಾನ ಮಾಡಬೇಡ. ಒಂದು ಬೆಳೇಲಿ ಏನೂ ಗೊತ್ತಾಗಲ್ಲ. ಮುಂದಿನದೂ ನೋಡಾನ, ಅದರ ಮುಂದಿನದೂ ನೋಡಾನ." ಹಾಗೆ ನೋಡುತ್ತ ನೋಡುತ್ತ ಹುಳುವಿನ ಕೆಲಸವೆಲ್ಲ ಅವರದೇ ಆಯಿತು. ಮಾವ ಪಡುವಲ ಗೋಡೆಗೆ ಆಚೆಯಿಂದ ಸೋಗೆಯ ಮರೆ ಕಟ್ಟಿಸಿ, ಎತ್ತರಕ್ಕೆ ಒಂದು ಗವಾಕ್ಷಿ ಒಡೆಸಿದರು. ಆ ಕೋಣೆಯ ಹುಳುವೂ ಸುಧಾರಿಸಿತು.

ಮರುವರ್ಷ ನಾನು ಹೆರಿಗೆಗೆಂದು ರಾಯದುರ್ಗಕ್ಕೆ ಬಂದೆ. ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನಕ್ಕೆ ನನ್ನವರ ಜೊತೆ ದೊಡ್ಡತ್ತೆಯೂ ರೈಲಿನಲ್ಲಿ ಬಂದರು. ತೊಟ್ಟಿಲ ಶಾಸ್ತ್ರಕ್ಕೆ ಅವರಂಥವರು ಮುಂದೆ ಬರುವ ಪದ್ಧತಿ ಆ ಕಾಲದಲ್ಲಿ ಎಲ್ಲಿಯೂ ಇರಲಿಲ್ಲ. ಅವರು ತಮ್ಮ ಗಂಟನ್ನು ಜಗುಲಿಯ ಮೇಲಿಟ್ಟು, "ನಾನಿಲ್ಲೇ ಕೂತಿರ್ತೀನಮ್ಮ, ಆಮೇಲೆ ಮಗೂನ ಆಚೆಗೆ ತಂದು ತೋರ್ಸಿ" ಎಂದರು. ಹುಳುವಿನ ಕೋಣೆ ಬೇರೆ, ಬೀಗರ ಮನೆ ಬೇರೆ ಅನಿಸಿರಬೇಕು.

ನಾನು ನಡೆದದ್ದನ್ನೆಲ್ಲ ನಮ್ಮವ್ವನಿಗೆ ಹೇಳಿದ್ದೆ. ಅವ್ವ ಓದಿದವಳಲ್ಲ, ಪದ್ಧತಿ ಬಿಡುವವಳೂ ಅಲ್ಲ. ಏನು ಮಾಡುತ್ತಾಳೋ ಎಂದು ನಾನು ಒಳಗಿನಿಂದ ನೋಡುತ್ತಿದ್ದೆ. ಅವ್ವ ಒಂದಿಷ್ಟು ಹೊತ್ತು ಬಾಗಿಲಲ್ಲಿ ನಿಂತಳು. ಬಂದ ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

"ಹೊರಗ್ಯಾಕ ಕುಂತೀರಿ ಅಕ್ಕಾರ?" ಅಂದಳು ಅವ್ವ. "ಬರ್ರಿ, ಒಳಗ ಬರ್ರಿ. ಮಗು ಅಳಾಕತ್ತೈತಿ, ನೀವು ಎತ್ಕೊಳ್ರಿ. ನಂಗ ಕೈತುಂಬ ಕೆಲ್ಸ ಐತಿ."

ದೊಡ್ಡತ್ತೆ ಕೈಕಾಲು ತೊಳೆದುಕೊಂಡು ಒಳಗೆ ಬಂದು ನನ್ನ ಪಕ್ಕ ಕೂತರು. ಮಗುವನ್ನು ಅವರ ಮಡಿಲಲ್ಲಿಟ್ಟೆ. ಅದು ಅವರ ಹೆಬ್ಬೆರಳು ಹಿಡಿದುಕೊಂಡು ಅಳು ನಿಲ್ಲಿಸಿತು. ನನ್ನವರು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಅವರ ಪುಸ್ತಕದ ಪ್ರಕಾರ ಮಗು ಅಳು ನಿಲ್ಲಿಸಿದ್ದಕ್ಕೆ ಇನ್ನೂ ಹತ್ತು ಕಾರಣ ಇರಬಹುದಿತ್ತು. ಅವರು ಒಂದನ್ನೂ ಹೇಳಲಿಲ್ಲ.